ಡಿಗ್ರಿ ಮುಗಿಸಿ ಎರಡು ತಿಂಗಳು ಮುಂಬಯಿಯಲ್ಲಿ: ಮೊದಲು ಲೈನು, ಆಮೇಲೆ ರೂಮು

ಕೊನೆಯ ಪರೀಕ್ಷೆ ಮುಗಿದು ಕೆಲಸಕ್ಕೆ ಸೇರುವ ಮುಂಚೆ ಸಿಗುವ ಎರಡು ತಿಂಗಳಂಥ ಬಿಡುವು ಮತ್ತೆ ಬಹಳ ವರ್ಷ ಸಿಗುವುದಿಲ್ಲ. ಚಿಕ್ಕಂದಿನಿಂದ ಮುಂಬಯಿ ನೋಡಬೇಕು, ನೋಡುವುದಷ್ಟೇ ಅಲ್ಲ, ಅಲ್ಲಿ ಸ್ವಲ್ಪ ದಿನ ಇರಬೇಕು ಎಂದುಕೊಂಡವರು ಕರಾವಳಿಯಲ್ಲೂ ಉತ್ತರ ಕರ್ನಾಟಕದಲ್ಲೂ ಮನೆಗೊಬ್ಬರಂತೆ ಸಿಗುತ್ತಾರೆ. ಅಂಥವರಿಗಾಗಿ ಈ ಬರಹ. ನಾಲ್ಕು ದಿನ ಬಂದು ಗೇಟ್‌ವೇ, ಜುಹು ನೋಡಿಕೊಂಡು ಹೋಗುವವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ರೂಮು ಹಿಡಿದು, ಪಾಸು ಮಾಡಿಸಿ, ಊರಿನವರ ಹಾಗೆ ಬದುಕಲು ಹೊರಟವರಿಗೆ ಹೇಳಬೇಕಾದ್ದು ಮುಖ್ಯವಾಗಿ ಒಂದೇ: ಬಾಡಿಗೆಯಲ್ಲಿ ಉಳಿಸಲು ಹೋಗಬೇಡಿ, ಬೇರೆ ಎಲ್ಲದರಲ್ಲೂ ಉಳಿಸಿ. ದೂರದ ಅಗ್ಗದ ರೂಮು ಹಿಡಿದವರ ಎರಡು ತಿಂಗಳು ರೈಲಿನಲ್ಲೇ ಕಳೆದುಹೋಗುತ್ತದೆ. ಮುಂಬಯಿ ಮಾತ್ರ ನೋಡದೆಯೇ ಉಳಿಯುತ್ತದೆ.

ಟಿಕೆಟ್ ಮತ್ತು ಹೊರಡುವ ದಿನ

ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮುಂಬಯಿಯಲ್ಲೂ ಶಾಲೆಗಳಿಗೆ ರಜೆ. ಅಲ್ಲಿನವರು ಊರಿಗೆ ಬರುವ ಕಾಲ ಅದು, ಮೇ ಕೊನೆ, ಜೂನ್ ಮೊದಲರ್ಧ ವಾಪಸು ಹೋಗುವ ಕಾಲ. ಹಾಗಾಗಿ ಏಪ್ರಿಲ್ ಮಧ್ಯದಲ್ಲಿ ಮುಂಬಯಿ ಕಡೆಗೆ ಹೋಗುವುದು ಅಷ್ಟು ಕಷ್ಟವಲ್ಲ, ಮೇ ಕೊನೆಗೆ ಹೋಗುವುದೇ ಕಷ್ಟ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ರಾಯಚೂರು, ಕಲಬುರಗಿ ಕಡೆಯವರಿಗೂ ಅದೇ ಗಾಡಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಮತ್ಸ್ಯಗಂಧ. ಹುಬ್ಬಳ್ಳಿಯಿಂದ ದಾದರಿಗೆ ನೇರ ಗಾಡಿಯಿದೆ.

ಮುಂಬಯಿಗೆ ಭಾನುವಾರ ಬೆಳಿಗ್ಗೆ ಹತ್ತರೊಳಗೆ ತಲುಪುವ ಹಾಗೆ ಟಿಕೆಟ್ ಮಾಡಿ, ಇಲ್ಲವೇ ಶನಿವಾರ ಮಧ್ಯಾಹ್ನ. ವಾರದ ದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ ದೊಡ್ಡ ಸೂಟ್‌ಕೇಸ್ ಹಿಡಿದು ಲೋಕಲ್ ರೈಲು ಹತ್ತುವುದು ಸಾಧ್ಯವಿಲ್ಲದ ಮಾತು. ಭಾನುವಾರ ಹನ್ನೊಂದರ ನಂತರ ಮತ್ತೊಂದು ತೊಡಕು: ಹಳಿ ರಿಪೇರಿಗೆಂದು ಯಾವುದಾದರೂ ಒಂದು ಭಾಗದಲ್ಲಿ ಸಂಜೆ ನಾಲ್ಕರ ತನಕ ಗಾಡಿ ನಿಲ್ಲಿಸುವ ಇಲ್ಲವೇ ಬೇರೆ ಹಳಿಗೆ ತಿರುಗಿಸುವ ಮೆಗಾಬ್ಲಾಕ್ ಇರುತ್ತದೆ. ಯಾವ ಲೈನಿನಲ್ಲಿ ಎಂಬುದು ಶನಿವಾರದ ಪತ್ರಿಕೆಗಳಲ್ಲಿ ಬರುತ್ತದೆ.

ಎಲ್ಲಿ ಇಳಿಯಬೇಕು ಎಂಬುದನ್ನು ಕೊನೆಯ ಸ್ಟೇಷನ್ ನೋಡಿ ತೀರ್ಮಾನಿಸಬೇಡಿ, ನಿಮ್ಮ ರೂಮು ಎಲ್ಲಿದೆ ಎಂದು ನೋಡಿ. ನವಿ ಮುಂಬಯಿಗೆ ಹೋಗುವವರು ಕೊಂಕಣದ ಗಾಡಿಯಿಂದ ಪನ್ವೇಲಿನಲ್ಲೇ ಇಳಿಯಬೇಕು. ಮುಲುಂಡ್, ಪವಾಯಿ ಕಡೆಗೆ ಠಾಣೆ. ಮತ್ಸ್ಯಗಂಧ ನಿಲ್ಲುವ ಲೋಕಮಾನ್ಯ ತಿಲಕ್ ಟರ್ಮಿನಸ್ಸನ್ನು ಕೆಲವರು ಕುರ್ಲಾ ಸ್ಟೇಷನ್ ಎಂದೇ ತಿಳಿದು ಗೊಂದಲಕ್ಕೆ ಬೀಳುತ್ತಾರೆ. ಎರಡೂ ಬೇರೆ. ಟರ್ಮಿನಸ್ಸಿನಿಂದ ನಡೆದು ಹೋಗಬಹುದಾದ ಲೋಕಲ್ ಸ್ಟೇಷನ್ ಎಂದರೆ ಹಾರ್ಬರ್ ಲೈನಿನ ತಿಲಕ್ ನಗರ. ಹೊರಗೆ ಮುತ್ತಿಕೊಂಡು ದರ ಹೇಳುವ ಆಟೋದವರನ್ನು ದಾಟಿ ಮುಂದೆ ಹೋಗಿ. ಮೀಟರ್ ಹಾಕುವವರು ರಸ್ತೆಯಲ್ಲಿ ಸಿಗುತ್ತಾರೆ.

ಹೊರಡುವ ಮುಂಚೆ ಕಾಲೇಜಿನ ಕೆಲಸ ಮುಗಿಸಿಕೊಳ್ಳಿ. ಪ್ರೊವಿಜನಲ್ ಸರ್ಟಿಫಿಕೇಟ್, ಟಿಸಿ, ಕೊನೆಯ ಸೆಮಿಸ್ಟರ್ ಅಂಕಪಟ್ಟಿ ಬಂದಾಗ ನಿಮ್ಮ ಪರವಾಗಿ ಯಾರು ತೆಗೆದುಕೊಳ್ಳಬಹುದು, ಅದಕ್ಕೆ ಪತ್ರ ಬೇಕೇ ಎಂದು ಆಫೀಸಿನಲ್ಲಿ ಕೇಳಿ, ಪತ್ರ ಬರೆದು ಸಹಿ ಮಾಡಿ ತಮ್ಮನಿಗೋ ಗೆಳತಿಗೋ ಕೊಟ್ಟು ಹೊರಡಿ. ಮೂಲ ಅಂಕಪಟ್ಟಿಗಳನ್ನು ಮುಂಬಯಿಗೆ ಒಯ್ಯಬೇಡಿ. ಆಧಾರ್ ನಕಲು ನಾಲ್ಕು, ಫೋಟೋ ಎಂಟು, ಕಾಲೇಜಿನ ಗುರುತಿನ ಚೀಟಿ ಇದ್ದರೆ ಸಾಕು. ಯಾವ ಪಿಜಿಯವರೂ ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ. ಕೇಳಿದರೆ ಆ ಜಾಗ ಬೇಡ.

ಮೊದಲು ಲೈನು

ಬೆಂಗಳೂರಿನಲ್ಲಿ ಮನೆ ಹುಡುಕುವವರು ಏರಿಯಾ ಕೇಳುತ್ತಾರೆ. ಮುಂಬಯಿಯಲ್ಲಿ ಕೇಳಬೇಕಾದ್ದು ಲೈನು. ಊರು ಉದ್ದಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಬೆಳೆದಿದೆ. ಉದ್ದಕ್ಕೆ ಓಡಾಡುವುದು ಸುಲಭ, ಅಡ್ಡಕ್ಕೆ ಓಡಾಡುವುದು ಕಷ್ಟ. ಚರ್ಚ್‌ಗೇಟಿನಿಂದ ಹೊರಟು ದಾದರ್, ಬಾಂದ್ರಾ, ಅಂಧೇರಿ, ಬೋರಿವಲಿ ದಾಟಿ ವಿರಾರ್ ಕಡೆ ಹೋಗುವುದು ವೆಸ್ಟರ್ನ್. ಸಿಎಸ್‌ಎಂಟಿಯಿಂದ, ಅಂದರೆ ಹಿಂದಿನ ವಿಟಿ ಸ್ಟೇಷನ್ನಿನಿಂದ, ದಾದರ್, ಕುರ್ಲಾ, ಘಾಟ್ಕೋಪರ್, ಠಾಣೆ ದಾಟಿ ಕಲ್ಯಾಣಕ್ಕೆ ಹೋಗುವುದು ಸೆಂಟ್ರಲ್. ಸಿಎಸ್‌ಎಂಟಿಯಿಂದಲೇ ಹೊರಟು ಕುರ್ಲಾ, ಚೆಂಬೂರ್, ವಾಶಿ ದಾಟಿ ಪನ್ವೇಲ್ ಸೇರುವುದು ಹಾರ್ಬರ್. ನಿಮ್ಮ ಇಂಟರ್ನ್‌ಶಿಪ್ಪೋ, ತರಗತಿಯೋ, ನಾಟಕದ ತಾಲೀಮೋ ಯಾವ ಲೈನಿನಲ್ಲಿದೆಯೋ ಅದೇ ಲೈನಿನಲ್ಲಿ ರೂಮು ಹುಡುಕಿ. ಲೈನು ಬದಲಿಸಬೇಕಾದ ಜಾಗ ಹಿಡಿದರೆ ದಿನಕ್ಕೆ ಎರಡು ಸಲ ದಾದರಿನ ಸೇತುವೆ ಹತ್ತಿಳಿಯಬೇಕು, ಮೇ ತಿಂಗಳ ಸೆಕೆಯಲ್ಲಿ ಅದು ಮೈಯ ಕಸುವನ್ನೇ ಹೀರುತ್ತದೆ.

ಫಾಸ್ಟ್ ಗಾಡಿಯಲ್ಲಿ ಚರ್ಚ್‌ಗೇಟಿಗೆ ಅಂಧೇರಿಯಿಂದ ಸುಮಾರು ಮುಕ್ಕಾಲು ಗಂಟೆಯೊಳಗೆ, ಬೋರಿವಲಿಯಿಂದ ಸುಮಾರು ಒಂದು ಗಂಟೆಯೊಳಗೆ, ವಿರಾರಿನಿಂದ ಗಂಟೆ ಇಪ್ಪತ್ತು ನಿಮಿಷದ ಆಸುಪಾಸು ಎಂದು ಲೆಕ್ಕ ಇಟ್ಟುಕೊಳ್ಳಿ. ಪನ್ವೇಲಿನಿಂದ ಸಿಎಸ್‌ಎಂಟಿಗೂ ಅಷ್ಟೇ ಹೊತ್ತು. ಇದು ಗಾಡಿಯೊಳಗಿನ ಲೆಕ್ಕ ಮಾತ್ರ. ಸ್ಟೇಷನ್ನಿಗೆ ನಡಿಗೆ, ಶೇರ್ ಆಟೋ ಸಾಲು, ಹತ್ತಲಾಗದೆ ಬಿಟ್ಟ ಗಾಡಿ ಎಲ್ಲ ಸೇರಿದರೆ ಪ್ರತಿ ಕಡೆಗೂ ಅರ್ಧ ಗಂಟೆ ಹೆಚ್ಚು.

ಕೆಲಸದ ಜಾಗ ಎಂಬ ಕಟ್ಟು ಇಲ್ಲದವರಿಗೆ ನಮ್ಮ ಮೊದಲ ಆಯ್ಕೆ ದಾದರ್, ಮಾಟುಂಗಾ, ಸಯನ್ ಸುತ್ತ. ಎರಡು ಲೈನು ಕೈಗೆಟಕುತ್ತವೆ, ರಾತ್ರಿ ಹನ್ನೊಂದಕ್ಕೆ ನಾಟಕ ಮುಗಿಸಿ ಬಂದರೂ ಬೀದಿಯಲ್ಲಿ ಜನ ಇರುತ್ತಾರೆ, ಊಟದ ಚಿಂತೆಯಿಲ್ಲ. ರೂಮು ಚಿಕ್ಕದು, ಕಟ್ಟಡ ಹಳೆಯದು, ಬಾಡಿಗೆ ಹೆಚ್ಚು. ಎರಡನೆಯ ಆಯ್ಕೆ ಅಂಧೇರಿ ಪೂರ್ವ, ಅದರಲ್ಲೂ ಮರೋಳ ನಾಕಾ ಸುತ್ತ. ಘಾಟ್ಕೋಪರ್-ವರ್ಸೋವಾ ಮೆಟ್ರೋ ಊರನ್ನು ಅಡ್ಡಕ್ಕೆ ದಾಟಿಸುತ್ತದೆ. 2025ರ ಅಕ್ಟೋಬರಿನಲ್ಲಿ ಕಫ್ ಪರೇಡಿನವರೆಗೆ ಪೂರ್ತಿಯಾದ ನೆಲದಡಿಯ 3ನೇ ಮೆಟ್ರೋ ಲೈನು ಅಲ್ಲೇ ಸೇರುತ್ತದೆ. ಆರೇಯಿಂದ ವಿಮಾನ ನಿಲ್ದಾಣ, ಬಿಕೆಸಿ (ಬಾಂದ್ರಾ-ಕುರ್ಲಾ ನಡುವಿನ ಕಚೇರಿಗಳ ಪ್ರದೇಶ), ದಾದರ್, ವರ್ಲಿ, ಚರ್ಚ್‌ಗೇಟ್ ದಾಟಿ ಹೋಗುವ ಈ 33.5 ಕಿಲೋಮೀಟರ್ ಬಂದ ಮೇಲೆ ಸೆಕೆಗಾಲದ ಓಡಾಟವೇ ಬದಲಾಗಿದೆ. ಪವಾಯಿ ಚೆಂದದ ಜಾಗ, ಆದರೆ ಅಲ್ಲಿ ಲೋಕಲ್ ಸ್ಟೇಷನ್ ಇಲ್ಲ. ಕಾಂಜೂರ್‌ಮಾರ್ಗಕ್ಕೆ ಬಂದೇ ಗಾಡಿ ಹಿಡಿಯಬೇಕು. ಸಿನಿಮಾ, ಸೀರಿಯಲ್ ಬರವಣಿಗೆ ಎಂದು ಹೋಗುವವರಿಗೆ ಅಂಧೇರಿ ಪಶ್ಚಿಮ ಬಿಟ್ಟು ಬೇರೆ ಯೋಚನೆ ಬೇಡ.

ಆಮೇಲೆ ರೂಮು

ಮುಂಬಯಿಯಲ್ಲಿ ಮನೆ ಬಾಡಿಗೆ ಎಂದರೆ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಮೇಲೆ ದೊಡ್ಡ ಡಿಪಾಸಿಟ್. ಎರಡು ತಿಂಗಳಿಗೆ ಅದು ಹೊಂದುವುದಿಲ್ಲ. ನಿಮಗೆ ಉಳಿಯುವ ದಾರಿ ಮೂರು: ಪಿಜಿ, ಹೆಣ್ಣುಮಕ್ಕಳಿಗಾದರೆ ವರ್ಕಿಂಗ್ ವಿಮೆನ್ಸ್ ಹಾಸ್ಟೆಲ್, ಇಲ್ಲವೇ ನಾಲ್ಕೈದು ಜನ ಸೇರಿ ಹಿಡಿದ ಫ್ಲಾಟಿನಲ್ಲಿ ಕಾಟ್ ಬೇಸಿಸ್ ಮೇಲೆ ಒಂದು ಮಂಚ. ಮೂರನೆಯದು ಅಗ್ಗ. ರಜೆಗೆ ಊರಿಗೆ ಹೋದವನ ಮಂಚ ಎರಡು ತಿಂಗಳಿಗೆ ಖಾಲಿ ಇರುವುದು ಏಪ್ರಿಲ್-ಮೇಯಲ್ಲಿ ಸಾಮಾನ್ಯ. ಆದರೆ ಹೌಸಿಂಗ್ ಸೊಸೈಟಿಗೆ ನಿಮ್ಮ ಹೆಸರು ತಿಳಿಸಿದ್ದಾರೆಯೇ ಎಂದು ಖಚಿತ ಮಾಡಿಕೊಳ್ಳಿ. ತಿಳಿಸದಿದ್ದರೆ ವಾಚ್‌ಮನ್ ರಾತ್ರಿ ಗೇಟಿನಲ್ಲೇ ನಿಲ್ಲಿಸುತ್ತಾನೆ, ಸೆಕ್ರೆಟರಿ ತಕರಾರು ತೆಗೆದರೆ ಒಂದೇ ದಿನದಲ್ಲಿ ಗಂಟುಮೂಟೆ ಕಟ್ಟಬೇಕಾಗುತ್ತದೆ. ಬಾಡಿಗೆದಾರರ ವಿವರವನ್ನು ಪೊಲೀಸರಿಗೆ ಕೊಡುವುದು ಮನೆಯ ಮಾಲೀಕರ ಹೊಣೆ. ಆನ್‌ಲೈನಿನಲ್ಲೇ ಆಗುತ್ತದೆ, ನಿಮ್ಮ ಆಧಾರ್ ಮತ್ತು ಫೋಟೋ ಅದಕ್ಕೇ ಬೇಕು.

ಊರಿನಲ್ಲೇ ಕೂತು ಫೋಟೋ ನೋಡಿ ಮುಂಗಡ ಕಳಿಸಬೇಡಿ. ಫೋಟೋದಲ್ಲಿ ಸಮುದ್ರ ಕಾಣುವ ರೂಮು, ಬಾಡಿಗೆ ಎಂಟು ಸಾವಿರ, ಮಾಲೀಕರು ವರ್ಗವಾಗಿ ಹೋದ ಸೈನ್ಯಾಧಿಕಾರಿ, ರೂಮು ನೋಡಲು ಗೇಟ್ ಪಾಸಿಗೆಂದು ಸ್ವಲ್ಪ ಹಣ ಹಾಕಿ ಎಂದರೆ ಅದು ಹಳೆಯ ಮೋಸ. ಮೊದಲ ಮೂರು ರಾತ್ರಿ ಸ್ಟೇಷನ್ ಹತ್ತಿರದ ಡಾರ್ಮಿಟರಿಯಲ್ಲೋ ನೆಂಟರ ಮನೆಯಲ್ಲೋ ಇದ್ದು, ಕಣ್ಣಾರೆ ನೋಡಿ ಹಣ ಕೊಡಿ. ಮೂರು ದಿನದಲ್ಲಿ ಎಂಟು-ಹತ್ತು ಜಾಗ ನೋಡಬಹುದು. ಸಂಜೆ ಏಳರ ಮೇಲೆ ನೋಡಿದರೆ ಒಳ್ಳೆಯದು. ಆ ಹೊತ್ತಿಗೆ ಎಲ್ಲರೂ ಬಂದಿರುತ್ತಾರೆ, ಬಾತ್‌ರೂಮಿನ ಸಾಲು, ಗಲಾಟೆ, ಸೆಕೆ ಎಲ್ಲ ತಿಳಿಯುತ್ತದೆ.

ಕೇಳಲೇಬೇಕಾದ ಪ್ರಶ್ನೆಗಳು ಇವು:

ನೀರು ಎಷ್ಟು ಹೊತ್ತಿಗೆ ಬರುತ್ತದೆ? ಮಹಾನಗರಪಾಲಿಕೆಯ ನೀರು ದಿನಕ್ಕೆ ಕೆಲವೇ ಗಂಟೆ, ಏರಿಯಾಕ್ಕೆ ತಕ್ಕ ಹೊತ್ತಿನಲ್ಲಿ. ಟ್ಯಾಂಕ್ ಇಲ್ಲದ ಹಳೆಯ ಕಟ್ಟಡದಲ್ಲಿ ನೀರು ಬೆಳಗಿನ ಜಾವ ಬಂದು ಹೋದರೆ ಒಂಬತ್ತಕ್ಕೆ ಎದ್ದವರಿಗೆ ಸ್ನಾನವಿಲ್ಲ.

ಲಾಕ್-ಇನ್ ಎಷ್ಟು ತಿಂಗಳು, ನೋಟಿಸ್ ಎಷ್ಟು ದಿನ? ಎರಡು ತಿಂಗಳಿಗೆ ಬಂದವರು ಹೆಚ್ಚಾಗಿ ಹಣ ಕಳೆದುಕೊಳ್ಳುವುದು ಇಲ್ಲಿಯೇ. ಎಷ್ಟೋ ಪಿಜಿಗಳಲ್ಲಿ ಕನಿಷ್ಠ ಮೂರು ತಿಂಗಳು ಇರಬೇಕು, ಇಲ್ಲವಾದರೆ ಡಿಪಾಸಿಟ್ ಮುಟ್ಟುಗೋಲು. ಎರಡೇ ತಿಂಗಳು ಎಂದು ಮೊದಲೇ ಹೇಳಿ, ಒಪ್ಪಿದ್ದನ್ನು ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ನೋಟಿಸ್ ಒಂದು ತಿಂಗಳಾದರೆ ಮೂವತ್ತನೆಯ ದಿನವೇ ಕೊಟ್ಟುಬಿಡಿ.

ಏಸಿ ಇದ್ದರೆ ಕರೆಂಟ್ ಬಿಲ್ ಯಾರದು? ಬೇರೆ ಮೀಟರ್ ಇದ್ದರೆ ಬಂದ ದಿನದ ರೀಡಿಂಗಿನ ಫೋಟೋ ತೆಗೆದಿಡಿ. ಏಸಿ ಬೇಡದವರು ಎದುರುಬದುರು ಕಿಟಕಿಯಿರುವ, ಕೊನೆಯ ಮಹಡಿಯಲ್ಲದ ರೂಮು ನೋಡಿ. ತಾರಸಿಯ ಕೆಳಗಿನ ರೂಮು ಮೇ ತಿಂಗಳಲ್ಲಿ ರಾತ್ರಿ ಹನ್ನೆರಡಾದರೂ ತಣ್ಣಗಾಗುವುದಿಲ್ಲ.

ರಾತ್ರಿ ಎಷ್ಟು ಗಂಟೆಯವರೆಗೆ ಒಳಗೆ ಬರಬಹುದು, ಮೀನು-ಮಾಂಸ ತರಬಹುದೇ, ಮನೆಯವರು ಬಂದರೆ ಒಂದು ರಾತ್ರಿ ಇರಬಹುದೇ ಎಂಬುದನ್ನೂ ಮರೆಯದೆ ಕೇಳಿ.

ಮಾಟುಂಗಾ-ದಾದರ್ ಅಥವಾ ಅಂಧೇರಿ ಸುತ್ತ ಇಬ್ಬರು-ಮೂವರು ಹಂಚಿಕೊಳ್ಳುವ ರೂಮಿಗೆ ತಲಾ 12ರಿಂದ 18 ಸಾವಿರದವರೆಗೆ ಕೇಳುತ್ತಾರೆ. ಠಾಣೆ, ನವಿ ಮುಂಬಯಿಯಲ್ಲಿ ನಾಲ್ಕೈದು ಸಾವಿರ ಕಡಿಮೆ. ಆ ನಾಲ್ಕೈದು ಸಾವಿರಕ್ಕೆ ದಿನಕ್ಕೆ ಎರಡು ಗಂಟೆ ಕೊಡುತ್ತೀರಾ ಎಂದು ಯೋಚಿಸಿ. ಎರಡು ತಿಂಗಳಿಗೆ ಅದು 120 ಗಂಟೆ, ಅಂದರೆ ಎಚ್ಚರವಿರುವ ಎಂಟು ದಿನ.

ದುಡ್ಡಿನ ಅಂದಾಜು

ಬಾಡಿಗೆ 15 ಸಾವಿರದಂತೆ 30 ಸಾವಿರ. ಊಟ-ತಿಂಡಿ ತಿಂಗಳಿಗೆ ಏಳೂವರೆಯಂತೆ 15 ಸಾವಿರ. ಓಡಾಟ 4 ಸಾವಿರ. ಫೋನು, ಬಟ್ಟೆ ಒಗೆತ, ಔಷಧಿ 4 ಸಾವಿರ. ನಾಟಕ, ಮ್ಯೂಸಿಯಂ, ಪುಸ್ತಕ 6 ಸಾವಿರ. ಹೋಗಿಬರುವ ರೈಲು ಮತ್ತು ಮೊದಲ ಮೂರು ರಾತ್ರಿಗೆ 5 ಸಾವಿರ. ಒಟ್ಟು 64 ಸಾವಿರ. ಇದಲ್ಲದೆ ವಾಪಸು ಬರುವ ಡಿಪಾಸಿಟ್ 15 ಸಾವಿರ, ಯಾವುದಕ್ಕೂ ಮುಟ್ಟದ ಆಪತ್ತಿನ ಹಣ 10 ಸಾವಿರ. ಕೈಯಲ್ಲಿ 90 ಸಾವಿರ ಇಲ್ಲದಿದ್ದರೆ ಎರಡು ತಿಂಗಳನ್ನು ಒಂದೂವರೆ ಮಾಡಿ. ದೂರದ ರೂಮಿಗೆ ಹೋಗಬೇಡಿ.

ಊಟದಲ್ಲಿ ಉಳಿಸಲು ಒಂದೇ ದಾರಿ: ರಾತ್ರಿಗೆ ರೂಮಿಗೇ ತಂದುಕೊಡುವ ಊಟದ ಡಬ್ಬಾ ತಿಂಗಳಿಗೆ ಗೊತ್ತುಮಾಡಿಕೊಂಡು ಮಧ್ಯಾಹ್ನ ಹೊರಗೆ ತಿನ್ನುವುದು. ಎರಡು ಹೊತ್ತೂ ಡಬ್ಬಾ ಕಟ್ಟಿಸಿದರೆ ಮಧ್ಯಾಹ್ನದ್ದು ರೂಮಿನಲ್ಲೇ ಹಳಸುತ್ತದೆ, ಏಕೆಂದರೆ ನೀವು ಅಲ್ಲಿರುವುದಿಲ್ಲ. ಮೊದಲು ಒಂದು ವಾರಕ್ಕೆ ಮಾತ್ರ ಹಣ ಕೊಟ್ಟು ರುಚಿ ನೋಡಿ. ವಡಾಪಾವ್ ಬಿಸಿ ಎಣ್ಣೆಯಿಂದ ಆಗತಾನೇ ತೆಗೆದದ್ದಾದರೆ ತಿನ್ನಿ. ಸೆಕೆಗಾಲದಲ್ಲಿ ಬೆಳಿಗ್ಗೆ ಕರಿದಿಟ್ಟ ವಡೆ, ಮುಚ್ಚದ ಚಟ್ನಿ, ರಸ್ತೆಬದಿಯ ಐಸು ಹಾಕಿದ ಕಬ್ಬಿನ ಹಾಲು, ಈ ಮೂರು ಮೊದಲ ವಾರವೇ ಹೊಸಬರನ್ನು ಮಲಗಿಸುತ್ತವೆ.

ಲೋಕಲ್ ಹತ್ತುವುದು, ಇಳಿಯುವುದು

ಬಂದ ಮರುದಿನವೇ ತಿಂಗಳ ಪಾಸು ಮಾಡಿಸಿ. ಹತ್ತು-ಹನ್ನೊಂದು ದಿನ ಹೋಗಿಬಂದರೆ ಅದರ ಹಣ ಹುಟ್ಟುತ್ತದೆ. ಪಾಸು ಎರಡು ಸ್ಟೇಷನ್ನುಗಳ ನಡುವೆ ಎಷ್ಟು ಸಲ ಬೇಕಾದರೂ ಓಡಾಡಲು, ಮಧ್ಯದ ಯಾವ ಸ್ಟೇಷನ್ನಿನಲ್ಲೂ ಇಳಿಯಬಹುದು. ಆದ್ದರಿಂದ ಅಂಧೇರಿಯಲ್ಲಿದ್ದು ಬಾಂದ್ರಾಕ್ಕೆ ಹೋಗುವವರೂ ಚರ್ಚ್‌ಗೇಟಿನವರೆಗೆ ಪಾಸು ತೆಗೆದುಕೊಳ್ಳಿ. ಸಂಜೆ ಮನಸ್ಸು ಬಂದಾಗ ಮರೀನ್ ಡ್ರೈವಿಗೆ ಟಿಕೆಟ್ ಸಾಲಿನಲ್ಲಿ ನಿಲ್ಲದೆ ಹೋಗಬಹುದು. ಬೇರೆ ಲೈನಿಗೂ ಹೋಗುವವರು ದಾದರ್ ಮೂಲಕ ಎಂದು ಬರೆಸಿ. ಫಸ್ಟ್ ಕ್ಲಾಸಿನ ಒಂದು ಸಲದ ಟಿಕೆಟ್ ತೀರ ದುಬಾರಿ, ಪಾಸಿನಲ್ಲಿ ಅಂತರ ಅಷ್ಟಿಲ್ಲ, ಆದರೂ ಮೂರು-ನಾಲ್ಕು ಪಟ್ಟು. ಸಾಮಾನ್ಯ ಸೆಕೆಂಡ್ ಕ್ಲಾಸ್ ಪಾಸು ಏಸಿ ಲೋಕಲಿಗೆ ನಡೆಯುವುದಿಲ್ಲ, ಫಸ್ಟ್ ಕ್ಲಾಸ್ ಡಬ್ಬಿಗೂ ನಡೆಯುವುದಿಲ್ಲ. ತಪ್ಪಿ ಹತ್ತಿ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ದಂಡ, ಜೊತೆಗೆ ಟಿಕೆಟ್ ಹಣ. ಮೊಬೈಲ್ ಟಿಕೆಟ್ ತೆಗೆಯುವವರು ಸ್ಟೇಷನ್ನಿನ ಹೊರಗಿದ್ದಾಗಲೇ ತೆಗೆಯಿರಿ, ಹಳಿಯ ಹತ್ತಿರ ಹೋದರೆ ಆ್ಯಪ್ ಟಿಕೆಟ್ ಕೊಡುವುದಿಲ್ಲ. ಬ್ಯಾಟರಿ ಮುಗಿದು ಟಿಕೆಟ್ ತೋರಿಸಲಾಗದಿದ್ದರೆ ಟಿಕೆಟ್ ಇಲ್ಲದಂತೆಯೇ.

ಸ್ಟೇಷನ್ನಿನ ಇಂಡಿಕೇಟರ್ ಫಲಕದಲ್ಲಿ ನಾಲ್ಕು ಸಂಗತಿ ಓದಬೇಕು: ಗಾಡಿ ಎಲ್ಲಿಗೆ, ಸ್ಲೋ ಅಥವಾ ಫಾಸ್ಟ್, ಎಷ್ಟು ಡಬ್ಬಿ, ಎಷ್ಟು ಹೊತ್ತಿಗೆ. ಫಾಸ್ಟ್ ಗಾಡಿ ಎಲ್ಲ ಕಡೆ ನಿಲ್ಲುವುದಿಲ್ಲ. ಮಾಟುಂಗಾಕ್ಕೆ ಹೋಗುವವರು ಫಾಸ್ಟ್ ಹತ್ತಿದರೆ ದಾದರಿನಲ್ಲಿ ಇಳಿದು ಸ್ಲೋ ಹಿಡಿಯಬೇಕು. 12 ಡಬ್ಬಿಯ ಗಾಡಿಗೆ 15 ಡಬ್ಬಿಯ ಜಾಗದಲ್ಲಿ ನಿಂತರೆ ಕೊನೆಗೆ ಓಡಬೇಕಾಗುತ್ತದೆ.

ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ ಹೋಗುವ ಗಾಡಿಗಳಲ್ಲಿ ಒಂದು ಕಟ್ಟಳೆ ಇದೆ. ಅಂಧೇರಿಗೋ ಬೋರಿವಲಿಗೋ ಹೋಗುವವರು ವಿರಾರ್ ಫಾಸ್ಟ್ ಹತ್ತಬಾರದು. ಒಳಗಿರುವವರೆಲ್ಲ ಕೊನೆಯವರೆಗೆ ಹೋಗುವವರು. ಮಧ್ಯದಲ್ಲಿ ಬಾಗಿಲಿಗೆ ಬರಲು ದಾರಿ ಸಿಗುವುದಿಲ್ಲ, ದಾರಿ ಕೇಳಿದರೆ ಜಗಳವೇ ಆಗುತ್ತದೆ. ಅಂಧೇರಿಗೆ ಅಂಧೇರಿ ಗಾಡಿ, ಬೋರಿವಲಿಗೆ ಬೋರಿವಲಿ ಗಾಡಿ. ಇಳಿಯುವ ಎರಡು ಸ್ಟೇಷನ್ ಮೊದಲೇ ಎದ್ದು ಬಾಗಿಲ ಕಡೆ ಸರಿಯಲು ಶುರುಮಾಡಿ. ಮುಂದೆ ನಿಂತವರನ್ನು "ದಾದರ್ ಉತರ್ನಾ ಹೈ?" ಎಂದು ಕೇಳಿ. ಅವರೂ ಇಳಿಯುವವರಾದರೆ ಅವರ ಹಿಂದೆ ನಿಂತುಬಿಡಿ, ಇಲ್ಲವಾದರೆ ಜಾಗ ಬದಲಿಸಿಕೊಳ್ಳಿ. ಯಾವ ಕಡೆ ಪ್ಲಾಟ್‌ಫಾರ್ಮ್ ಬರುತ್ತದೆ ಎಂದೂ ಕೇಳಿಕೊಳ್ಳಿ. ಗಾಡಿ ಪೂರ್ತಿ ನಿಲ್ಲುವ ಮುಂಚೆ ಇಳಿಯುವವರನ್ನು ನೋಡಿ ನೀವೂ ಹಾರಬೇಡಿ. ಅವರಿಗೆ ಹತ್ತಿಪ್ಪತ್ತು ವರ್ಷದ ಅಭ್ಯಾಸ.

ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ ಇಲ್ಲವೇ ಮೇಲಿನ ಜಾಲರಿಗೆ ಸೇರಿಸಿ. ಬಾಗಿಲಲ್ಲಿ ನಿಂತು ಫೋನ್ ಹಿಡಿಯಬೇಡಿ. ಹಳಿಯ ಪಕ್ಕ ನಿಂತು ಕೋಲಿನಿಂದ ಕೈಗೆ ಹೊಡೆದು ಫೋನ್ ಬೀಳಿಸುವವರಿದ್ದಾರೆ. ಫೋನ್ ಹೋದರೆ ಹೋಗಲಿ, ಆಯ ತಪ್ಪಿ ಬಿದ್ದರೆ ಜೀವಕ್ಕೇ ಅಪಾಯ. ಹೆಣ್ಣುಮಕ್ಕಳ ಡಬ್ಬಿ ನಿಲ್ಲುವ ಜಾಗಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಗುರುತು ಇರುತ್ತದೆ. ಕೆಲವು ಡಬ್ಬಿ ಇಡೀ ದಿನ ಹೆಣ್ಣುಮಕ್ಕಳಿಗೆ, ಕೆಲವು ನಿಗದಿತ ಹೊತ್ತಿಗೆ ಮಾತ್ರ, ಡಬ್ಬಿಯ ಮೇಲೆಯೇ ಬರೆದಿರುತ್ತದೆ. ರಾತ್ರಿ ಹೊತ್ತು ಪೊಲೀಸರು ಇರುವ ಡಬ್ಬಿಯನ್ನೇ ಹತ್ತಿ. ರೈಲ್ವೆ ಪೊಲೀಸ್ ಸಹಾಯವಾಣಿ 1512, ರೈಲ್ವೆ ಸಹಾಯವಾಣಿ 139, ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ.

ಆಟೋ ಬಾಂದ್ರಾ ಮತ್ತು ಸಯನ್ನಿನಿಂದ ದಕ್ಷಿಣಕ್ಕೆ ಬರುವಂತಿಲ್ಲ, ಅಲ್ಲಿಂದ ಮುಂದೆ ಟ್ಯಾಕ್ಸಿ. 2025ರ ಫೆಬ್ರವರಿಯಿಂದ ಕನಿಷ್ಠ ದರ ಆಟೋಗೆ 26, ಕಪ್ಪು-ಹಳದಿ ಟ್ಯಾಕ್ಸಿಗೆ 31 ರೂಪಾಯಿ. ಮೀಟರ್ ಹಾಕುವುದು ಇಲ್ಲಿ ರೂಢಿ. ಊರಿನ ಸಿಟಿ ಬಸ್ಸಾದ ಬೆಸ್ಟಿನ ಕನಿಷ್ಠ ಟಿಕೆಟ್ 2025ರ ಮೇ ತಿಂಗಳಿಂದ 10 ರೂಪಾಯಿ, ಏಸಿ ಬಸ್ಸಿಗೆ 12. ದಕ್ಷಿಣ ಮುಂಬಯಿಯನ್ನು ನೋಡಲು ಬಸ್ಸಿಗಿಂತ ಒಳ್ಳೆಯದು ಬೇರೊಂದಿಲ್ಲ.

ವಾರಕ್ಕೊಂದು ಕಟ್ಟು

ಬರೀ ನೋಡುವುದಕ್ಕೆಂದು ಬಂದವರು ಮೂರನೆಯ ವಾರಕ್ಕೆ ದಣಿದು ರೂಮಿನಲ್ಲಿ ಫ್ಯಾನ್ ಕೆಳಗೆ ಮಲಗಿಬಿಡುತ್ತಾರೆ. ವಾರದಲ್ಲಿ ನಾಲ್ಕೈದು ದಿನ ಹೋಗಲೇಬೇಕಾದ ಒಂದು ಕೆಲಸ ಇಟ್ಟುಕೊಳ್ಳಿ. ಸಂಬಳ ಕಡಿಮೆಯಾದರೂ ಇಂಟರ್ನ್‌ಶಿಪ್, ಮರಾಠಿ ತರಗತಿ, ನಾಟಕ ತಂಡದ ಹಿನ್ನೆಲೆ ಕೆಲಸ, ಯಾವುದಾದರೂ ಸರಿ. ಪರಿಚಯ ಬೆಳೆಯುವುದು ಅಲ್ಲಿಂದಲೇ. ಸಿನಿಮಾ ಆಸೆಯಿಂದ ವರ್ಸೋವಾದ ಆರಾಮ್ ನಗರದ ಆಡಿಷನ್‌ಗಳಿಗೆ ಹೋಗುವವರು ಒಂದು ಮಾತು ನೆನಪಿಡಿ: ಆಡಿಷನ್ನಿಗೆ ಹಣ ಕೇಳುವವರು, ಕಲಾವಿದರ ಸಂಘದ ಕಾರ್ಡ್ ಮಾಡಿಸಿಕೊಡುತ್ತೇವೆ, ಪೋರ್ಟ್‌ಫೋಲಿಯೋ ನಮ್ಮಲ್ಲೇ ತೆಗೆಸಬೇಕು ಎನ್ನುವವರು ಕೆಲಸ ಕೊಡುವವರಲ್ಲ.

ಉಳಿದ ದಿನಗಳಿಗೆ ಸೆಕೆಯ ಲೆಕ್ಕ ಹಾಕಬೇಕು. ಮೇಯಲ್ಲಿ ತಾಪಮಾನ 33-35 ಡಿಗ್ರಿ ಎಂದರೆ ಕಲಬುರಗಿಯವರಿಗೆ ಏನೂ ಅಲ್ಲ ಅನ್ನಿಸಬಹುದು, ಆದರೆ ಇಲ್ಲಿ ಬೆವರು ಆರುವುದಿಲ್ಲ. ಮಂಗಳೂರಿನವರಿಗೆ ಗೊತ್ತು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಐದರ ನಂತರ ಹೊರಗೆ. ಮಧ್ಯಾಹ್ನ ಮ್ಯೂಸಿಯಂ.

ಭಾನುವಾರ ಬೆಳಿಗ್ಗೆ ಆರೂವರೆಗೆ ಸಿಎಸ್‌ಎಂಟಿಯಲ್ಲಿ ಇಳಿದು ನಡೆಯಲು ಹೊರಡಿ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡವನ್ನು ರಸ್ತೆಯ ಆಚೆಯಿಂದ ನಿಂತು ನೋಡಿ. ಅಲ್ಲಿಂದ ಫ್ಲೋರಾ ಫೌಂಟನ್, ಹಾರ್ನಿಮನ್ ಸರ್ಕಲ್, 1833ರ ಟೌನ್ ಹಾಲಿನ ಮೆಟ್ಟಿಲು, ಕಾಲಾ ಘೋಡಾ, ಕೊನೆಗೆ ಓವಲ್ ಮೈದಾನ. ಮೈದಾನದ ನಡುವೆ ನಿಂತರೆ ಪೂರ್ವಕ್ಕೆ ಹೈಕೋರ್ಟ್ ಮತ್ತು ರಾಜಾಬಾಯಿ ಗಡಿಯಾರ ಗೋಪುರದ ಗೋಥಿಕ್ ಸಾಲು, ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೋ ಮನೆಗಳ ಸಾಲು. ಎರಡು ಕಾಲದ ಮುಂಬಯಿ ಹೀಗೆ ಎದುರುಬದುರು ನಿಂತ ಜಾಗ ಇನ್ನೊಂದಿಲ್ಲ. ಈ ಸಮುಚ್ಚಯ 2018ರಲ್ಲಿ ಪರಂಪರೆಯ ಪಟ್ಟಿ ಸೇರಿತು. ಇಷ್ಟಕ್ಕೆ ಎರಡೂವರೆ ಗಂಟೆ ಸಾಕು. ಹಸಿವಾದರೆ ಮರೀನ್ ಲೈನ್ಸ್ ಹತ್ತಿರ 1904ರಿಂದ ನಡೆಯುತ್ತಿರುವ ಕಯಾನಿ ಎಂಬ ಇರಾನಿ ಹೋಟೆಲಿದೆ, ಬನ್ ಮಸ್ಕಾ ಮತ್ತು ಚಹಾ ತೆಗೆದುಕೊಳ್ಳಿ.

ಎಲಿಫೆಂಟಾ ಮತ್ತು ಕಾನ್ಹೇರಿ ಎರಡನ್ನೂ ಮೇ ಇಪ್ಪತ್ತರೊಳಗೆ ಮುಗಿಸಿ. ಎರಡೂ ಸೋಮವಾರ ಮುಚ್ಚಿರುತ್ತವೆ. ಎಲಿಫೆಂಟಾಕ್ಕೆ ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಕಡಲು ಒರಟಾದರೆ ದೋಣಿ ಬಿಡುವುದಿಲ್ಲ. ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ, ಮಧ್ಯಾಹ್ನ ಆ ಮೆಟ್ಟಿಲು ಹತ್ತುವುದು ಕಷ್ಟ. ಕಾನ್ಹೇರಿ ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ, ಗೇಟಿನಿಂದ ಸುಮಾರು ಆರು ಕಿಲೋಮೀಟರ್. ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಎರಡು ಲೀಟರ್ ನೀರು ಬೇಕು, ಕೈಯಲ್ಲಿ ತಿಂಡಿ ಹಿಡಿದರೆ ಕೋತಿಗಳು ಬಿಡುವುದಿಲ್ಲ.

ನಾಟಕಕ್ಕೆ ಜುಹುವಿನ ಪೃಥ್ವಿ. ಚಿಕ್ಕ ರಂಗಮಂದಿರ, ಆಟ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಟಿಕೆಟ್ ಇದ್ದರೂ. ಮರಾಠಿ ನಾಟಕ ನೋಡದೆ ಮುಂಬಯಿ ಬಿಡಬೇಡಿ. ದಾದರಿನ ಶಿವಾಜಿ ಮಂದಿರ, ಮಾಟುಂಗಾದ ಯಶವಂತ ನಾಟ್ಯ ಮಂದಿರ, ವಿಲೇಪಾರ್ಲೆಯ ದೀನಾನಾಥ ನಾಟ್ಯಗೃಹ, ಮೂರರಲ್ಲೂ ಶನಿವಾರ-ಭಾನುವಾರ ಆಟಗಳಿರುತ್ತವೆ. ಭಾಷೆ ಪೂರ್ತಿ ತಿಳಿಯದಿದ್ದರೂ ಸಾಮಾಜಿಕ ನಾಟಕ ಉತ್ತರ ಕರ್ನಾಟಕದವರಿಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಮಾಟುಂಗಾ

ಎಲ್ಲಿ ರೂಮು ಮಾಡಿದರೂ ವಾರಕ್ಕೊಮ್ಮೆ ಇಲ್ಲಿಗೆ ಬನ್ನಿ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ 2017ರಿಂದ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಿರುವುದು. ಹೊರಗೆ ಬಂದರೆ ಹೂವು, ಬಾಳೆಎಲೆ, ತೆಂಗಿನಕಾಯಿ, ಕನ್ನಡ-ತಮಿಳು-ಗುಜರಾತಿ ಒಟ್ಟಿಗೆ ಕೇಳುವ ಬೀದಿ. ಸ್ಟೇಷನ್ ಎದುರಿಗೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಲ್ಲಿ ಶುರುವಾದ ಊಟದ ಮನೆ, ಬಾಳೆಎಲೆ ಊಟವೂ ಸಿಗುತ್ತದೆ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಕೆಫೆ ಮದ್ರಾಸ್, ಕೆಫೆ ಮೈಸೂರು. ಭಾನುವಾರ ಬೆಳಿಗ್ಗೆ ಎಂಟರ ಮೇಲೆ ಉದ್ದ ಸಾಲು ಇರುತ್ತದೆ, ವಾರದ ದಿನ ಬನ್ನಿ. ಸೋಮವಾರ ರಜೆ ಇರುವ ಹೋಟೆಲುಗಳಿವೆ, ನೋಡಿಕೊಳ್ಳಿ. ಸರ್ಕಲ್ಲಿನ ಪಕ್ಕದ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿವೆ.

ಮೈಸೂರು ಅಸೋಸಿಯೇಷನ್ ಇರುವುದು ಇಲ್ಲೇ. ಪಶ್ಚಿಮಕ್ಕೆ ಕಾಲುಸೇತುವೆ ದಾಟಿದರೆ ಕರ್ನಾಟಕ ಸಂಘದ ಡಾ. ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ಕನ್ನಡ ನಾಟಕ, ಉಪನ್ಯಾಸ, ಯಕ್ಷಗಾನ ನಡೆಯುವ ಜಾಗಗಳು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರು ಈ ಸಂಘಗಳನ್ನು ಕಟ್ಟಿ ಬೆಳೆಸಿತು. ಆ ತಲೆಮಾರಿನ ಹಿರಿಯರು ಇನ್ನೂ ಕಾರ್ಯಕ್ರಮಗಳಿಗೆ ಬರುತ್ತಾರೆ. ಅವರ ಪಕ್ಕ ಕೂತು "ಯಾವ ಊರು ನಿಮ್ಮದು" ಎಂದು ಮಾತು ತೆಗೆದರೆ ಸಾಕು. ರೂಮು, ಡಾಕ್ಟರು, ಡಬ್ಬಾ ಯಾವುದಕ್ಕೂ ಅವರಿಗಿಂತ ಒಳ್ಳೆಯ ವಿಳಾಸ ಯಾವ ಆ್ಯಪಿನಲ್ಲೂ ಸಿಗದು. ಕಾರ್ಯಕ್ರಮಗಳ ಸುದ್ದಿಗೆ ಮುಂಬಯಿಯಿಂದಲೇ ಬರುವ ಕನ್ನಡ ದಿನಪತ್ರಿಕೆ ಕರ್ನಾಟಕ ಮಲ್ಲ ನೋಡಿ. ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಕಾರ್ಯಕ್ರಮಗಳಿಗೂ ಹೋಗಬಹುದು.

ಮಳೆ

ಮುಂಗಾರು ಮುಂಬಯಿಗೆ ಬರುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಮೇ 26ಕ್ಕೇ ಬಂತು. ಆದ್ದರಿಂದ ಮೇ 20ರೊಳಗೆ ಸಿದ್ಧರಾಗಿ. ಕೊಡೆಗಿಂತ ರೇನ್‌ಕೋಟು ಮೇಲು, ಕಡಲ ಗಾಳಿಗೆ ಕೊಡೆ ಮಗುಚುತ್ತದೆ. ಚರ್ಮದ ಬೂಟು ಊರಲ್ಲೇ ಬಿಟ್ಟು ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ತನ್ನಿ. ಫೋನಿಗೆ ಪ್ಲಾಸ್ಟಿಕ್ ಚೀಲ, ಬ್ಯಾಗಿಗೆ ಕವರ್, ಜೊತೆಗೆ ಒಂದು ಜೊತೆ ಒಣಬಟ್ಟೆ.

ಮಳೆ ಎಷ್ಟು ಎಂಬುದಕ್ಕಿಂತ ಯಾವ ಹೊತ್ತಿಗೆ ಎಂಬುದು ಇಲ್ಲಿ ಮುಖ್ಯ. ಊರಿನ ನೀರು ಕಡಲಿಗೆ ಹರಿಯಬೇಕು. ಉಬ್ಬರ ನಾಲ್ಕೂವರೆ ಮೀಟರ್ ದಾಟಿದ ಹೊತ್ತಿನಲ್ಲೇ ಜೋರು ಮಳೆಯಾದರೆ ನೀರು ಹೊರಗೆ ಹೋಗಲಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಸುರಿದು ಊರೇ ನಿಂತಿತ್ತು. ಉಬ್ಬರದ ವೇಳಾಪಟ್ಟಿಯನ್ನು ಪಾಲಿಕೆ ಮೊದಲೇ ಪ್ರಕಟಿಸುತ್ತದೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಮತ್ತು ದೊಡ್ಡ ಉಬ್ಬರ ಒಂದೇ ದಿನ ಬಂದರೆ ಹೊರಗೆ ಹೋಗಬೇಡಿ. ಹೋಗಿದ್ದರೆ ಮಧ್ಯಾಹ್ನವೇ ಹಿಂದಿರುಗಿ. ಸಯನ್, ಕುರ್ಲಾದಲ್ಲಿ ಹಳಿ ಮುಳುಗಿದರೆ ಸೆಂಟ್ರಲ್ ನಿಲ್ಲುತ್ತದೆ. ದಾದರ್ ಹತ್ತಿರದ ಹಿಂದ್‌ಮಾತಾ, ಅಂಧೇರಿಯ ಸಬ್‌ವೇ ಮೊದಲು ತುಂಬುವ ಜಾಗಗಳು. ಗಾಡಿ ಮಧ್ಯದಲ್ಲಿ ನಿಂತರೆ ಹಳಿಗೆ ಇಳಿಯಬೇಡಿ. ನೀರಿನಲ್ಲಿ ನಡೆಯಲೇಬೇಕಾದರೆ ರಸ್ತೆಯ ಅಂಚು ಬಿಟ್ಟು, ಮುಂದೆ ನಡೆಯುವವರ ಹೆಜ್ಜೆ ನೋಡಿ ನಡೆಯಿರಿ, ತೆರೆದ ಮ್ಯಾನ್‌ಹೋಲ್ ನೀರಿನಡಿ ಕಾಣುವುದಿಲ್ಲ. ಕಾಲಿಗೆ ಗಾಯವಿದ್ದು ಆ ನೀರಿನಲ್ಲಿ ನಡೆದಿದ್ದರೆ ಇಲಿಜ್ವರದ ಭಯವಿದೆ. ಜ್ವರ ಬರಲಿ ಎಂದು ಕಾಯದೆ 72 ಗಂಟೆಯೊಳಗೆ ಹತ್ತಿರದ ಪಾಲಿಕೆ ದವಾಖಾನೆಗೆ ಹೋಗಿ ವೈದ್ಯರನ್ನು ಕೇಳಿ, ಮುನ್ನೆಚ್ಚರಿಕೆಯ ಮಾತ್ರೆ ಕೊಡುತ್ತಾರೆ.

ಖಾಲಿ ಮಾಡುವಾಗ

ಜೂನ್ ಮಧ್ಯದ ವಾಪಸು ಟಿಕೆಟನ್ನು ಏಪ್ರಿಲಿನಲ್ಲೇ ಮಾಡಿಬಿಡಿ. ಕೊಂಕಣ ರೈಲ್ವೆಯ ಗಾಡಿಗಳು ಮಳೆಗಾಲದಲ್ಲಿ ವೇಗ ತಗ್ಗಿಸಿ ಓಡುತ್ತವೆ, ವೇಳಾಪಟ್ಟಿಯೇ ಬದಲಾಗುತ್ತದೆ. ಮೊದಲು ತೆಗೆದ ಟಿಕೆಟಿನ ಹೊತ್ತನ್ನು ನಂಬದೆ ಹಿಂದಿನ ದಿನ ಮತ್ತೆ ನೋಡಿ. ರೂಮು ಬಿಡುವ ಒಂದು ವಾರ ಮೊದಲು ಮಾಲೀಕರಿಗೆ ಡಿಪಾಸಿಟ್ ನೆನಪಿಸಿ. ಬಂದ ದಿನ ಗೋಡೆ, ಮಂಚ, ಬೀರು, ಮೀಟರಿನ ಫೋಟೋ ತೆಗೆದಿದ್ದರೆ ಬಣ್ಣದ ಖರ್ಚು, ಮುರಿದ ಹಿಡಿಕೆ ಎಂದು ಹಣ ಹಿಡಿಯಲು ಅವಕಾಶವಿರುವುದಿಲ್ಲ. ಬೀಗದ ಕೈ ಕೊಡುವುದು ಹಣ ಖಾತೆಗೆ ಬಂದ ಮೇಲೆ. ಊರಿಗೆ ಹೋದ ಮೇಲೆ ಕಳಿಸುತ್ತೇವೆ ಎಂದರೆ ಯಾವ ದಿನ, ಎಷ್ಟು ಎಂದು ಬರೆಸಿಕೊಂಡೇ ಹೊರಡಿ. ಊರಿಗೆ ಆಪೂಸ್ ಮಾವು ಒಯ್ಯುವ ಆಸೆಯಿದ್ದರೆ ಮೇ ಮುಗಿಯುವುದರೊಳಗೆ ಕ್ರಾಫರ್ಡ್ ಮಾರ್ಕೆಟಿನಿಂದ ತಂದು ಯಾರ ಕೈಯಲ್ಲಾದರೂ ಕಳಿಸಿಬಿಡಿ, ಮಳೆ ಬಿದ್ದ ಮೇಲೆ ಒಳ್ಳೆಯ ಹಣ್ಣು ಸಿಗುವುದಿಲ್ಲ.